ಹಾರ್ಮೋನ್ ಮಾತ್ರೆ ಶುರುಮಾಡಿ ಏಳು ವಾರ: ನಿಲ್ಲಿಸಲೇ, ಮುಂದುವರಿಸಲೇ?

ಪ್ರಶ್ನೆ (ಡೊಂಬಿವಲಿಯಿಂದ, ವಯಸ್ಸು 51)

ನಮಸ್ಕಾರ ಡಾಕ್ಟ್ರೇ. ಮುಟ್ಟು ನಿಂತು 14 ತಿಂಗಳಾಗಿತ್ತು. ಆ ಒಂದು ವರ್ಷ ನಾನು ಪಟ್ಟ ಪಾಡು ದೇವರಿಗೇ ಗೊತ್ತು. ಇದ್ದಕ್ಕಿದ್ದಂತೆ ಎದೆಯಿಂದ ಮುಖದವರೆಗೆ ಬಿಸಿ ಏರೋದು, ರಾತ್ರಿ ನೈಟಿ ಒದ್ದೆಯಾಗಿ ಎರಡೆರಡು ಸಲ ಬದಲಾಯಿಸೋದು. ಬೆಳಿಗ್ಗೆ ಮುಂಬೈ ಸಿಎಸ್‌ಎಂಟಿಗೆ ಹೋಗೋ ಫಾಸ್ಟ್ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ನಿಂತರೆ ಠಾಣೆ ಬರೋಷ್ಟರಲ್ಲಿ ಬೆವರು ಕಿವಿ ಹಿಂದಿನಿಂದ ಇಳಿದು ಬ್ಲೌಸ್ ಪೂರ್ತಿ ನೆನೆದಿರೋದು. ಪಕ್ಕದವರು "ತಬ್ಯೇತ್ ಬರೀ ಆಹೇ ನಾ?" (ಮೈಯಲ್ಲಿ ಹುಷಾರಿದೆ ತಾನೇ?) ಅಂತ ನೀರಿನ ಬಾಟಲಿ ಕೊಟ್ಟದ್ದೂ ಇದೆ.

ಇಲ್ಲೇ ಒಬ್ಬ ಡಾಕ್ಟರಿಗೆ ತೋರಿಸಿದೆ. ಎಸ್ಟ್ರಾಡಯಾಲ್ 2 ಮಿ.ಗ್ರಾಂ. ಮಾತ್ರೆ, ಪ್ರೊಜೆಸ್ಟೆರಾನ್ 100 ಮಿ.ಗ್ರಾಂ. ಕ್ಯಾಪ್ಸೂಲ್, ದಿನಾ ಒಂದೊಂದು ಅಂತ ಬರೆದುಕೊಟ್ಟರು. ಏನೇನು ತೊಂದರೆ ಆಗಬಹುದು ಅಂತ ಒಂದು ಮಾತೂ ಹೇಳಲಿಲ್ಲ. ಬೆವರು ಮುಕ್ಕಾಲು ಪಾಲು ಕಡಿಮೆಯಾಗಿದೆ, ಅದು ನಿಜ. ಆದರೆ ಸ್ತನಗಳು ಎಷ್ಟು ಭಾರ ಅಂದರೆ ಬ್ಯಾಗಿನ ಪಟ್ಟಿ ತಗುಲಿದರೂ ನೋವು. ಬೆಳಿಗ್ಗೆ ಹತ್ತು ಗಂಟೆವರೆಗೆ ಹೊಟ್ಟೆ ತೊಳಸುತ್ತೆ. ಆಫೀಸಲ್ಲಿ ಕಂಪ್ಯೂಟರ್ ಮುಂದೆ ತೂಕಡಿಕೆ. ಈಗ ಕೆಲವು ದಿನ ಬಟ್ಟೆಯಲ್ಲಿ ರಕ್ತದ ಕಲೆ ಬೇರೆ. ಮತ್ತೆ ಮುಟ್ಟು ಶುರುವಾಯಿತೋ ಏನೋ ಅಂತ ಭಯವಾಗಿದೆ. ನಾದಿನಿಯಂತೂ "ಅದು ಕ್ಯಾನ್ಸರ್ ತರೋ ಮಾತ್ರೆ, ಇವತ್ತೇ ಎಸೆದುಬಿಡು" ಅಂತಿದ್ದಾಳೆ. ಒಂಬತ್ತು ವರ್ಷದಿಂದ ಥೈರಾಯ್ಡ್ ಮಾತ್ರೆಯೂ ಇದೆ. ಏನು ಮಾಡಲಿ?

ಉತ್ತರ (ಸ್ತ್ರೀರೋಗ ತಜ್ಞೆ, ಮಾಟುಂಗಾ)

ಎಸೆಯಬೇಡಿ. ಮೊದಲು ಇಷ್ಟು ಹೇಳಿ: ಯಾವ ಮಾತ್ರೆ ಎಷ್ಟು ಗಂಟೆಗೆ, ಯಾವುದರ ಜೊತೆ ತೆಗೆದುಕೊಳ್ಳುತ್ತೀರಿ? ಶುರುಮಾಡುವ ಮುಂಚೆ ಹೊಟ್ಟೆಯ ಸ್ಕ್ಯಾನ್, ಮ್ಯಾಮೊಗ್ರಾಮ್ (ಸ್ತನದ ಎಕ್ಸ್‌ರೇ) ಆಗಿತ್ತೇ? ಮನೆಯಲ್ಲಿ ಯಾರಿಗಾದರೂ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದು, ಸ್ತನ ಕ್ಯಾನ್ಸರ್ ಇದ್ದದ್ದು ಉಂಟೇ?

ಪ್ರಶ್ನೆ ಕೇಳಿದವರು

ಮನೆಯಲ್ಲಿ ಯಾರಿಗೂ ಇಲ್ಲ. ಮ್ಯಾಮೊಗ್ರಾಮ್ ಹೋದ ವರ್ಷ ಆಗಿದೆ, ಸರಿಯಿತ್ತು. ಸ್ಕ್ಯಾನ್ ಮಾಡಿಸಿಲ್ಲ. ಮರೆತುಹೋಗುತ್ತೆ ಅಂತ ಥೈರಾಯ್ಡ್, ಕ್ಯಾಲ್ಷಿಯಂ, ಈ ಎರಡು ಹಾರ್ಮೋನ್, ನಾಲ್ಕನ್ನೂ ಬೆಳಿಗ್ಗೆ ಆರಕ್ಕೆ ಚಹಾ ಜೊತೆ ನುಂಗಿಬಿಡ್ತೀನಿ. ಆಮೇಲೆ ಡಬ್ಬಿ ಕಟ್ಟಿಕೊಂಡು ಸ್ಟೇಷನ್ನಿಗೆ ಓಟ.

ಉತ್ತರ

ನೋಡಿಯಮ್ಮಾ, ನಿಮ್ಮ ಅರ್ಧ ತೊಂದರೆ ಆ ಆರು ಗಂಟೆಯ ಚಹಾದಲ್ಲಿದೆ. ತಪ್ಪು ನಿಮ್ಮದಲ್ಲ, ಯಾರೂ ಹೇಳಿಕೊಡಲಿಲ್ಲ.

ಪ್ರೊಜೆಸ್ಟೆರಾನ್ ದೇಹದೊಳಗೆ ಒಡೆದು ಮಿದುಳನ್ನು ಮಂಪರುಗೊಳಿಸುವ ಪದಾರ್ಥವಾಗುತ್ತದೆ. ಅದಕ್ಕೇ ಅದನ್ನು ರಾತ್ರಿ ಮಲಗುವಾಗ ತೆಗೆದುಕೊಳ್ಳಬೇಕು. ಊಟವಾದ ಕೂಡಲೇ ಬೇಡ, ಒಂದೆರಡು ಗಂಟೆ ಬಿಟ್ಟು. ಹೊಟ್ಟೆ ತುಂಬಿದ್ದರೆ ಅದು ರಕ್ತಕ್ಕೆ ಹೆಚ್ಚು ಸೇರಿ ತಲೆ ತಿರುಗಿಸುತ್ತದೆ. ಬೆಳಿಗ್ಗೆ ನಿಮ್ಮನ್ನು ತೂಕಡಿಸುವಂತೆ ಮಾಡುವ ಅದೇ ಕ್ಯಾಪ್ಸೂಲು ರಾತ್ರಿ ನಿದ್ದೆ ಕೊಡುತ್ತದೆ. ನನ್ನಲ್ಲಿ ಬರುವ ಎಷ್ಟೋ ಹೆಂಗಸರಿಗೆ ಅದರ ಈ ಗುಣವೇ ಉಪಕಾರವಾಗಿದೆ.

ಎಸ್ಟ್ರಾಡಯಾಲ್ ಖಾಲಿ ಹೊಟ್ಟೆಗೆ ಹೋದರೆ ತೊಳಸುವುದು ಸಹಜ. ತಿಂಡಿಯ ಜೊತೆ ತೆಗೆದುಕೊಳ್ಳಿ. ರೈಲಿಗೆ ಮುಂಚೆ ತಿನ್ನಲು ಆಗದಿದ್ದರೆ ರಾತ್ರಿ ಊಟದ ಜೊತೆಯೂ ನಡೆಯುತ್ತದೆ, ಹೊತ್ತು ಮಾತ್ರ ದಿನಾ ಒಂದೇ ಇರಲಿ.

ಇನ್ನು ಥೈರಾಯ್ಡ್. ಆ ಮಾತ್ರೆಯನ್ನು ಬರೀ ನೀರಿನಲ್ಲಿ, ಖಾಲಿ ಹೊಟ್ಟೆಯಲ್ಲಿ ತೆಗೆದುಕೊಂಡು ಮುಕ್ಕಾಲು ಗಂಟೆ, ಒಂದು ಗಂಟೆ ಬಿಟ್ಟು ಚಹಾ ಕುಡಿಯಬೇಕು. ಕ್ಯಾಲ್ಷಿಯಂ ಅದರಿಂದ ಕನಿಷ್ಠ ನಾಲ್ಕು ಗಂಟೆ ದೂರ, ಅಂದರೆ ಮಧ್ಯಾಹ್ನದ ಡಬ್ಬಿಯ ಜೊತೆ. ಇನ್ನೊಂದು ವಿಷಯವನ್ನು ಬಹಳ ಮಂದಿ ಹೇಳುವುದೇ ಇಲ್ಲ. ಬಾಯಿಂದ ತೆಗೆದುಕೊಳ್ಳುವ ಎಸ್ಟ್ರೋಜೆನ್ (ನಿಮ್ಮ ಎಸ್ಟ್ರಾಡಯಾಲ್ ಇದೇ ಜಾತಿಯದು) ಲಿವರಿನ ಮೂಲಕ ಹಾಯುವಾಗ, ಥೈರಾಯ್ಡ್ ಹಾರ್ಮೋನನ್ನು ಕಟ್ಟಿಹಾಕುವ ಒಂದು ಪ್ರೋಟೀನನ್ನು ಹೆಚ್ಚಿಸುತ್ತದೆ. ಇಷ್ಟು ವರ್ಷ ಸಾಕಾಗುತ್ತಿದ್ದ ಥೈರಾಯ್ಡ್ ಡೋಸ್ ಸಾಲದೆ ಹೋಗಬಹುದು. ಸುಸ್ತು, ಜಡತ್ವ ಅದರಿಂದಲೂ ಬರುತ್ತದೆ. ಈ ವಾರವೇ ಟಿಎಸ್‌ಎಚ್ ರಕ್ತಪರೀಕ್ಷೆ ಮಾಡಿಸಿ, ಅದು ಏರಿದ್ದರೆ ಥೈರಾಯ್ಡ್ ಮಾತ್ರೆ ಸಾಲುತ್ತಿಲ್ಲ ಎಂದು ತಿಳಿಯುತ್ತದೆ.

ಸ್ತನದ ಭಾರ ಸಾಮಾನ್ಯವಾಗಿ ಮೂರು ತಿಂಗಳೊಳಗೆ ಇಳಿಯುತ್ತದೆ. ಇಳಿಯದಿದ್ದರೆ ಡೋಸ್ ಜಾಸ್ತಿ ಆಗಿರಬಹುದು. ನಾನು 1 ಮಿ.ಗ್ರಾಂ.ನಿಂದಲೇ ಶುರುಮಾಡುವವಳು. ನಿಮ್ಮ ಡಾಕ್ಟರ ಹತ್ತಿರ ಈ ಮಾತು ಎತ್ತಿ, ಇಲ್ಲಿ ಕೂತು ನಿಮ್ಮ ಡೋಸ್ ಬದಲಿಸುವುದು ನನ್ನಿಂದ ಸರಿಯಲ್ಲ. ತಾವಾಗಿಯೇ ಪ್ರೊಜೆಸ್ಟೆರಾನ್ ಒಂದನ್ನು ಬಿಟ್ಟು ಎಸ್ಟ್ರಾಡಯಾಲ್ ಮಾತ್ರ ಮುಂದುವರಿಸುವುದನ್ನಂತೂ ಮಾಡಲೇಬೇಡಿ. ಗರ್ಭಕೋಶ ಇರುವವರಲ್ಲಿ ಬರೀ ಎಸ್ಟ್ರೋಜೆನ್ ಒಳಪದರವನ್ನು ದಪ್ಪ ಮಾಡುತ್ತಾ ಹೋಗುತ್ತದೆ, ಅದು ಕ್ಯಾನ್ಸರಿಗೆ ದಾರಿ. ಪ್ರೊಜೆಸ್ಟೆರಾನ್ ಇರುವುದು ಅದನ್ನು ತಡೆಯುವುದಕ್ಕೆ.

ರಕ್ತದ ಕಲೆ ಮುಟ್ಟಲ್ಲ. ಎರಡೂ ಹಾರ್ಮೋನನ್ನು ದಿನಾ ತೆಗೆದುಕೊಳ್ಳುವವರಲ್ಲಿ ಮೊದಲ ಮೂರರಿಂದ ಆರು ತಿಂಗಳು ಹೀಗೆ ಆಗುವುದುಂಟು. ಆದರೂ ನಿಮಗೆ ಮೊದಲು ಸ್ಕ್ಯಾನ್ ಆಗಿಲ್ಲ, ಹಾಗಾಗಿ ನಾನಾಗಿದ್ದರೆ ಈಗಲೇ ಒಮ್ಮೆ ಒಳಗಿನಿಂದ ಮಾಡುವ ಸೋನೋಗ್ರಫಿ ಮಾಡಿಸಿ ಒಳಪದರ ಎಷ್ಟು ದಪ್ಪ ಇದೆ ಎಂದು ನೋಡುತ್ತಿದ್ದೆ. ಅಡುಗೆಮನೆಯ ಕಾಲನಿರ್ಣಯ ಕ್ಯಾಲೆಂಡರಿನಲ್ಲಿ ಕಲೆ ಕಂಡ ದಿನಕ್ಕೆ ಕೆಂಪು ಚುಕ್ಕೆ ಹಾಕಿ. ಪ್ಯಾಡ್ ಪೂರ್ತಿ ನೆನೆದರೆ ಎರಡು ಚುಕ್ಕೆ.

ನಾದಿನಿಯ ಮಾತು ಗಾಳಿಮಾತಲ್ಲ, ಅದಕ್ಕೆ ಮೂಲವಿದೆ. ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಎಂಬ ದೊಡ್ಡ ಅಧ್ಯಯನದಲ್ಲಿ ಎರಡೂ ಹಾರ್ಮೋನ್ ಕೊಡುತ್ತಿದ್ದ ಭಾಗವನ್ನು 2002ರ ಜುಲೈನಲ್ಲಿ ಅರ್ಧಕ್ಕೆ ನಿಲ್ಲಿಸಿದರು. ಸುದ್ದಿ ಓದಿ ಜಗತ್ತಿನಾದ್ಯಂತ ಹೆಂಗಸರು ಮಾತ್ರೆ ಬಿಟ್ಟರು. ಅಲ್ಲಿ ಕಂಡದ್ದು ಇಷ್ಟು: ವರ್ಷಕ್ಕೆ 10,000 ಹೆಂಗಸರಲ್ಲಿ ಸ್ತನ ಕ್ಯಾನ್ಸರ್ ಮಾತ್ರೆ ಇಲ್ಲದವರಲ್ಲಿ 30, ತೆಗೆದುಕೊಂಡವರಲ್ಲಿ 38. ಆ ಎಂಟು ಜನ ನನಗೆ ಬರೀ ಅಂಕಿಯಲ್ಲ. ಆದರೆ ಅವರ ಸರಾಸರಿ ವಯಸ್ಸು 63, ಮತ್ತು ಕೊಟ್ಟಿದ್ದು ಗಬ್ಬದ ಕುದುರೆಯ ಮೂತ್ರದಿಂದ ತೆಗೆದ ಎಸ್ಟ್ರೋಜೆನ್, ಜೊತೆಗೆ ಪ್ರೊಜೆಸ್ಟೆರಾನಿನಂತೆ ಕೆಲಸ ಮಾಡುವ ಕೃತಕ ಪ್ರೊಜೆಸ್ಟಿನ್. ನಿಮ್ಮ ಎರಡೂ ಮಾತ್ರೆ ಬೇರೆ ಬಗೆಯವು. 60 ದಾಟದವರಿಗೆ, ಮುಟ್ಟು ನಿಂತು ಹತ್ತು ವರ್ಷವಾಗದವರಿಗೆ, ಬೇರೆ ಅಪಾಯ ಇಲ್ಲದಿದ್ದರೆ, ಲಾಭವೇ ಹೆಚ್ಚು ಎಂಬುದು ಇವತ್ತಿನ ವೈದ್ಯಕೀಯದ ನಿಲುವು. ಮೂಳೆಗೂ ಒಳ್ಳೆಯದು. ವರ್ಷಕ್ಕೊಮ್ಮೆ ಡಾಕ್ಟರ ಹತ್ತಿರ ಕೂತು ಇನ್ನೂ ಬೇಕೇ ಎಂದು ಕೇಳುವುದನ್ನು ಬಿಡಬೇಡಿ.

ಕಾಯಬಾರದ ಲಕ್ಷಣಗಳೂ ಇವೆ, ಇದನ್ನು ಮನೆಯವರಿಗೂ ಓದಿಸಿ. ಒಂದೇ ಕಾಲಿನ ಮೀನಖಂಡ ಬಾತು ನೋಯುವುದು, ಹಠಾತ್ ಉಸಿರು ಕಟ್ಟುವುದು, ಎದೆಯ ಒಳಗೆ ನೋವು, ಮಾತು ತೊದಲುವುದು, ಮುಖ ಸೊಟ್ಟಗಾಗುವುದು, ಒಂದು ಕೈ ಸೋಲುವುದು, ಕಣ್ಣು ಕತ್ತಲಾಗುವುದು. ಇವುಗಳಲ್ಲಿ ಒಂದು ಕಂಡರೂ ಆಫೀಸು ಮುಗಿಯಲಿ, ರೈಲು ಇಳಿಯಲಿ ಎಂದು ಕೂರಬೇಡಿ, ನೇರ ಆಸ್ಪತ್ರೆಗೆ. ಮಾತ್ರೆಯ ಎಸ್ಟ್ರೋಜೆನ್ ರಕ್ತ ಹೆಪ್ಪುಗಟ್ಟುವ ಸಾಧ್ಯತೆಯನ್ನು ಸ್ವಲ್ಪ ಹೆಚ್ಚಿಸುತ್ತದೆ. ಚರ್ಮಕ್ಕೆ ಹಚ್ಚುವ ಜೆಲ್ ಲಿವರಿಗೆ ಮೊದಲು ಹೋಗುವುದಿಲ್ಲ, ಅದರಲ್ಲಿ ಈ ಅಪಾಯ ಏರಿದ್ದು ಕಂಡಿಲ್ಲ. ಥೈರಾಯ್ಡಿನ ತೊಡಕೂ ಇಲ್ಲ. ನಿಮ್ಮ ಡಾಕ್ಟರನ್ನು ಜೆಲ್ ಬಗ್ಗೆ ಖಂಡಿತ ಕೇಳಿ.

ಇನ್ನೊಬ್ಬರು (ವಾಶಿಯಿಂದ)

ಡಾಕ್ಟ್ರೇ, ನನಗೆ ಗಡ್ಡೆಯಾಗಿ ಗರ್ಭಕೋಶ ತೆಗೆದಿದ್ದಾರೆ. ಜೆಲ್ ಒಂದೇ ಕೊಟ್ಟಿದ್ದಾರೆ, ಕ್ಯಾಪ್ಸೂಲ್ ಇಲ್ಲ. ಸರಿಯೇ? ಈ ಸೆಕೆಗೆ ಜೆಲ್ ಅಂಟಂಟು, ಒಂದೂವರೆ ವರ್ಷದ ಮೊಮ್ಮಗಳು ಸದಾ ತೋಳಿಗೆ ಜೋತುಬಿದ್ದಿರುತ್ತಾಳೆ.

ಉತ್ತರ

ಗರ್ಭಕೋಶವೇ ಇಲ್ಲದಿದ್ದರೆ ಪ್ರೊಜೆಸ್ಟೆರಾನ್ ಸಾಮಾನ್ಯವಾಗಿ ಬೇಕಿಲ್ಲ. ಎಂಡೋಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದು ಹೊರಗೂ ಬೆಳೆಯುವ ಕಾಯಿಲೆ) ಇದ್ದಿದ್ದರೆ ಮಾತ್ರ ಡಾಕ್ಟರಿಗೆ ನೆನಪಿಸಿ. ಮೊಮ್ಮಗಳ ವಿಷಯ ಕೇಳಿದ್ದು ಬಹಳ ಒಳ್ಳೆಯದಾಯಿತು, ಜೆಲ್ ಮಗುವಿನ ಮೈಗೂ ಇಳಿಯುತ್ತದೆ. ತೋಳು ಬಿಟ್ಟು ತೊಡೆಗೆ ಹಚ್ಚಿ, ಸ್ತನದ ಮೇಲೆ ಎಂದೂ ಬೇಡ. ಸ್ನಾನವಾಗಿ ಮೈ ಚೆನ್ನಾಗಿ ಒರೆಸಿದ ಮೇಲೆ, ಅಂಗೈಯಗಲಕ್ಕಿಂತ ದೊಡ್ಡ ಜಾಗಕ್ಕೆ ತೆಳ್ಳಗೆ ಹರಡಿ, ಫ್ಯಾನಿನ ಕೆಳಗೆ ಐದು ನಿಮಿಷ ಒಣಗಿಸಿ. ದಪ್ಪ ಹಚ್ಚಿದರೇ ಅಂಟುವುದು. ಕೈ ಸೋಪು ಹಾಕಿ ತೊಳೆದು, ಆ ಜಾಗ ಬಟ್ಟೆಯಲ್ಲಿ ಮುಚ್ಚಿ. ಒಂದು ಗಂಟೆ ಅಲ್ಲಿ ನೀರೂ ಬೇಡ, ಮಗುವೂ ಬೇಡ.

ಪ್ರಶ್ನೆ ಕೇಳಿದವರು (ಎರಡು ವಾರದ ನಂತರ)

ಡಾಕ್ಟ್ರೇ, ಕ್ಯಾಪ್ಸೂಲ್ ರಾತ್ರಿಗೆ ಹೋದ ಮೂರನೇ ದಿನದಿಂದ ಆಫೀಸಲ್ಲಿ ತೂಕಡಿಕೆ ಇಲ್ಲ. ಹೊಟ್ಟೆ ತೊಳಸೋದು ನಿಂತಿದೆ. ಸ್ತನದ ನೋವು ಇದ್ದಹಾಗೇ ಇದೆ. ಸ್ಕ್ಯಾನಿನಲ್ಲಿ ಒಳಪದರ 3 ಮಿ.ಮೀ. ಟಿಎಸ್‌ಎಚ್ ಮಾತ್ರ 7.8 ಬಂದಿದೆ. ಈ ಎರಡು ವಾರದಲ್ಲಿ ಕ್ಯಾಲೆಂಡರಿನಲ್ಲಿ ಎರಡು ದಿನ ಒಂದೊಂದು ಚುಕ್ಕೆ, ಅಷ್ಟೇ.

ಉತ್ತರ

3 ಮಿ.ಮೀ. ತೆಳುವಾಗಿಯೇ ಇದೆ, ಆ ಚಿಂತೆ ಬಿಡಿ. ಟಿಎಸ್‌ಎಚ್ ಏರಿರುವುದಕ್ಕೆ ಚಹಾ, ಕ್ಯಾಲ್ಷಿಯಂ, ಎಸ್ಟ್ರೋಜೆನ್ ಮೂರೂ ಸೇರಿರಬಹುದು. ಥೈರಾಯ್ಡ್ ನೋಡುವ ಡಾಕ್ಟರಿಗೆ ನೀವು ಮುಂಚೆ ಹೇಗೆ ತೆಗೆದುಕೊಳ್ಳುತ್ತಿದ್ದಿರಿ, ಈಗ ಹೇಗೆ ಎಂದು ಎರಡನ್ನೂ ಹೇಳಿ. ಡೋಸ್ ಏರಿಸುವುದೋ, ಆರೆಂಟು ವಾರ ಸರಿಯಾಗಿ ತೆಗೆದುಕೊಂಡು ಮತ್ತೆ ಪರೀಕ್ಷೆ ಮಾಡುವುದೋ ಅವರು ತೀರ್ಮಾನಿಸಲಿ. ಸ್ತನದ ನೋವಿಗೆ 1 ಮಿ.ಗ್ರಾಂ. ಅಥವಾ ಜೆಲ್ ಬಗ್ಗೆ ಈ ತಿಂಗಳೇ ಕೇಳಿಬಿಡಿ. ಹೋಗುವಾಗ ಆ ಕ್ಯಾಲೆಂಡರನ್ನು ಗೋಡೆಯಿಂದ ಇಳಿಸಿ ಜೊತೆಗೇ ಒಯ್ಯಿರಿ.