‘ಬ್ಯಾಂಕ್ ಸಾಲಕ್ಕೆ ಸರ್ಕಾರದ ಗ್ಯಾರಂಟಿ’: ಜಾಮೀನೋ, ಖಾತರಿಯೋ, ಹೊಣೆಯೋ?

ಎಲ್ಲರಿಗೂ ನಮಸ್ಕಾರ.

ಶಿರಸಿಯ ನಮ್ಮ ಸಹಕಾರಿ ಸಂಘದ ಪತ್ರಿಕೆಗೆ 2008ರ ಬ್ಯಾಂಕ್ ಬಿಕ್ಕಟ್ಟಿನ ಬಗ್ಗೆ ಬರೆಯುತ್ತಿದ್ದೇನೆ. ಓದುವವರಲ್ಲಿ ಅಡಿಕೆ ಬೆಳೆಗಾರರೇ ಜಾಸ್ತಿ. ಆ ಸೆಪ್ಟೆಂಬರ್‌ನಲ್ಲಿ ಅಮೆರಿಕದ ದೊಡ್ಡ ಹೂಡಿಕೆ ಬ್ಯಾಂಕ್ ಲೀಮನ್ ಬ್ರದರ್ಸ್ ಮುಳುಗಿದ ಮೇಲೆ ಬ್ಯಾಂಕುಗಳು ಒಂದನ್ನೊಂದು ನಂಬದಾದವು. ಸಾಲ ಹುಟ್ಟುವುದೇ ನಿಂತಿತು. ಆಗ ಸರ್ಕಾರಗಳು ‘ಇವರು ತೀರಿಸದಿದ್ದರೆ ನಾವು ತೀರಿಸುತ್ತೇವೆ’ ಎಂದು ಮುಂದೆ ಬಂದವು. ಇದಕ್ಕೆ ಯಾವ ಪದ ಹಾಕಲಿ?

ತೊಡಕು ‘ಬ್ಯಾಂಕ್ ಸಾಲ’ದಲ್ಲೇ ಶುರು. ನಮಗೆ ಹಾಗೆಂದರೆ ಬ್ಯಾಂಕು ಕೊಟ್ಟ ಸಾಲ. ಕರಡು ಓದಿದ ಭಾವ ‘ಹಂಗಾರೆ ಬೆಳೆಸಾಲನ ಸರ್ಕಾರನೇ ತೀರಸ್ತಾ?’ ಎಂದು ಕೇಳಿದರು. ಇಲ್ಲಿ ಸಾಲಗಾರ ಬ್ಯಾಂಕೇ. ಬಾಂಡ್ (ಸಾಲಪತ್ರ) ಮಾರಿ, ಬೇರೆ ಬ್ಯಾಂಕಿನಿಂದ ಎತ್ತಿ ಮಾಡಿದ ಸಾಲ. ಹಾಗಾಗಿ ‘ಬ್ಯಾಂಕುಗಳು ಮಾಡಿದ ಸಾಲ’ ಎಂದು ಬಿಡಿಸಿ ಬರೆದೆ.

ಇನ್ನು ‘ಗ್ಯಾರಂಟಿ’. 2023ರ ನಂತರ ಕರ್ನಾಟಕದಲ್ಲಿ ‘ಸರ್ಕಾರದ ಗ್ಯಾರಂಟಿ’ ಎಂದರೆ ಗೃಹಲಕ್ಷ್ಮಿ, ಶಕ್ತಿ. ಮುಗೀತು. ‘ಹೊಣೆ’ ಚೆಂದದ ಪದ, ಹಳಗನ್ನಡದ ‘ಪೊಣೆ’. ಆದರೆ ‘ಬ್ಯಾಂಕುಗಳ ಸಾಲಕ್ಕೆ ಸರ್ಕಾರವೇ ಹೊಣೆ’ ಎಂದು ಬರೆದು ನೋಡಿ. ವಿರೋಧ ಪಕ್ಷದವರ ಆರೋಪದ ಹಾಗೆ ಕೇಳುತ್ತದೆ, ಅಲ್ವಾ?

‘ಖಾತರಿ’ ಉದ್ಯೋಗ ಖಾತರಿಗೆ ಸರಿ. ಅಲ್ಲಿ ಮಾತು ಕೊಡುವವರು, ಪಡೆಯುವವರು ಇಬ್ಬರೇ. ಇಲ್ಲಿ ಮೂವರಿದ್ದಾರೆ: ಸಾಲ ಕೊಟ್ಟವನು, ಅಸಲು ಸಾಲಗಾರ, ನಡುವೆ ಸಹಿ ಹಾಕಿದವನು. 1872ರ ಕರಾರು ಕಾಯ್ದೆಯ 126ನೇ ಕಲಮು ಹೇಳುವುದೂ ಈ ಮೂವರನ್ನೇ. ಅದಕ್ಕೇ ನನ್ನ ಒಲವು ‘ಜಾಮೀನಿ’ನ ಕಡೆ. ಸೊಸೈಟಿ ಸಾಲಕ್ಕೆ ಯಾರದೋ ಜಾಮೀನುದಾರನಾಗಿ ಸಹಿ ಹಾಕಿ, ಅವನು ಕಂತು ತಪ್ಪಿಸಿದಾಗ ತನ್ನ ಮನೆಗೆ ನೋಟೀಸು ಬಂದದ್ದನ್ನು ಕಂಡವರು ನಮ್ಮಲ್ಲಿ ಬೇಕಾದಷ್ಟು ಜನ. ಐರ್ಲೆಂಡಿನ ಕಥೆಯೂ ಇದೇ. 2008ರ ಸೆಪ್ಟೆಂಬರ್ ಕೊನೆಗೆ ತನ್ನ 6 ಬ್ಯಾಂಕುಗಳ ಠೇವಣಿ, ಬಾಂಡು ಎಲ್ಲ ಸೇರಿ ಸುಮಾರು 44 ಸಾವಿರ ಕೋಟಿ ಯೂರೋಗೆ ಜಾಮೀನು ನಿಂತಿತು. 2010ರ ನವೆಂಬರ್ ಹೊತ್ತಿಗೆ ಆ ದೇಶವೇ ಐರೋಪ್ಯ ಒಕ್ಕೂಟ ಮತ್ತು ಅಂತಾರಾಷ್ಟ್ರೀಯ ಹಣಕಾಸು ನಿಧಿಯ (ಐಎಂಎಫ್) ಮುಂದೆ ಹೋಗಿ 8,500 ಕೋಟಿ ಯೂರೋಗಳ ನೆರವಿನ ಪ್ಯಾಕೇಜಿಗೆ ಒಪ್ಪಬೇಕಾಯಿತು. ಇದನ್ನು ‘ಖಾತರಿ’ ಎಂದರೆ ಓದುಗರಿಗೆ ಬಿಸಿ ತಟ್ಟುವುದಿಲ್ಲ.

ಜಾಮೀನಿಗೂ ಎರಡು ಅಡ್ಡಿ. ಪೇಪರ್ ಓದುವವರಿಗೆ ಅದು ಕೋರ್ಟಿನ ಜಾಮೀನು. ಇದು ದೊಡ್ಡದಲ್ಲ, ಸಂದರ್ಭವೇ ಬಿಡಿಸುತ್ತದೆ. ಇನ್ನೊಂದು, ಅಮೆರಿಕದಲ್ಲಿ ಎಫ್‌ಡಿಐಸಿ (ಠೇವಣಿಗೆ ವಿಮೆ ಕೊಡುವ ಸರ್ಕಾರಿ ಸಂಸ್ಥೆ) ಹೀಗೆ ನಿಂತದ್ದಕ್ಕೆ ಬ್ಯಾಂಕುಗಳಿಂದ ಶುಲ್ಕ ವಸೂಲಿ ಮಾಡಿತ್ತು. ಬ್ರಿಟನ್ನೂ ಅಷ್ಟೇ. ನಮ್ಮೂರಲ್ಲಿ ಜಾಮೀನು ಹಾಕಲು ದುಡ್ಡು ಕೇಳಿದರೆ ಮುಖ ಮುಖ ನೋಡುತ್ತಾರೆ. ‘ಜಾಮೀನು ಶುಲ್ಕ’ ಅಂದರೆ ನಡೆಯುತ್ತದಾ?

ಒಬ್ಬರು ‘ವಿಮೆ’ ಎಂದು ಸೂಚಿಸಿದರು. ಬೇಡ. ಠೇವಣಿ ವಿಮೆ ಬೇರೆ: ನಮ್ಮಲ್ಲಿ 2020ರಿಂದ ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ. (ಪ್ರಾಥಮಿಕ ಕೃಷಿ ಪತ್ತಿನ ಸಂಘಗಳಿಗೆ ಅದೂ ಇಲ್ಲ. ಅದನ್ನೇ ಇನ್ನೊಂದು ಲೇಖನ ಮಾಡಬೇಕು.)

ಕೊನೆಗೆ ಕ್ರಿಯಾಪದ. ಜಾಮೀನು ‘ಹಾಕು’, ‘ಕೊಡು’, ‘ನಿಲ್ಲು’, ‘ಆಗು’ ಎಲ್ಲವೂ ಕಿವಿಗೆ ಬಿದ್ದಿವೆ. ಸರ್ಕಾರಕ್ಕೆ ‘ನಿಂತಿತು’ ಎಂದೇ ಬರೆದಿದ್ದೇನೆ. ಕುಮಟಾ, ಅಂಕೋಲಾ, ಕಾರವಾರದ ಕಡೆಯವರು ಯಾವುದನ್ನು ಬಳಸುತ್ತೀರಿ? ಸೊಸೈಟಿಯ ಹಳೆಯ ಕರಾರು ಪತ್ರಗಳಲ್ಲಿ ಬೇರೆ ಪದ ಕಂಡಿದ್ದರೆ ದಯವಿಟ್ಟು ತಿಳಿಸಿ.