ಆಫೀಸ್ ಸಾಮಾನು ಇಸ್ಕೊಂಡ್ ಹೋದೋರು ವಾಪಸ್ ತರಲ್ಲ, ನೀವೇನ್ ಮಾಡ್ತೀರಾ?

ಚಿಕ್ಕಮಗಳೂರಲ್ಲಿ ಒಂದು ಕಾಫಿ ವ್ಯಾಪಾರದ ಆಫೀಸಲ್ಲಿ ಲೆಕ್ಕ ಬರೆಯೋಳು ನಾನು. ನನ್ ಸ್ವಂತ ದುಡ್ಡಿನ ಕ್ಯಾಲ್ಕುಲೇಟರ್, ಸ್ಟೇಪ್ಲರ್, ಚಾರ್ಜರ್ ದಿನಾ ಯಾರ್ ಯಾರ್ದೋ ಟೇಬಲ್ ಮೇಲಿರುತ್ತೆ. ಇನ್ನೊಂದ್ ಕಡೆ ಹಿರಿಯರೊಬ್ರು ಕಾಫಿ ಬೀಜದ ತೇವ ಅಳೆಯೋ ಆಫೀಸಿನ ಮಾಯಿಶ್ಚರ್ ಮೀಟರ್‌ನೇ ಶನಿವಾರ ಸಂಜೆ ಅವ್ರ ತೋಟಕ್ಕೆ ಒಯ್ತಾರೆ. ಹೇಳಿದ್ರೆ ನಿಷ್ಠುರ, ಹೇಳ್ದೇ ಇದ್ರೆ ನಾಳೆ ನನ್ ತಲೆಗೇ ಬರುತ್ತೆ. ಅನುಭವ ಇರೋರು ಹೇಳಿ.

—

ಸ್ಟೇಪ್ಲರ್ ಬಿಡಿ ಮೇಡಂ, ಮೀಟರ್ ವಿಷಯ ಸುಮ್ನೆ ಬಿಡ್ಬೇಡಿ. ನಮ್ ಗೋಡೌನಲ್ಲೂ ಇದೇ ಕಥೆ, ಅರೇಬಿಕಾ ಸೀಸನ್ ಜೋರಿತ್ತು, ಮೂಡಿಗೆರೆ ಕಡೆಯಿಂದ ಒಬ್ರು ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಕಾಫಿ ಬೀಜ) ಲೋಡ್ ತಂದು ನಿಂತಿದಾರೆ, ಮೀಟರ್ ನೋಡಿದ್ರೆ ಯಾರದ್ದೋ ಮನೆ ಕಣದಲ್ಲಿ. ತೇವ 10% ಇದ್ಯೋ ಇಲ್ವೋ ಅಂತ ಹಲ್ಲಲ್ಲಿ ಕಚ್ಚಿ ರೇಟ್ ಹೇಳಕ್ಕಾಗುತ್ತಾ? ಹಳಬ್ರು ಹೇಳ್ತಿದ್ರು, ನಿಜ, ಆದ್ರೆ ಈಗ ತಂದೋರು ಒಪ್ಪಲ್ಲ. ಲೋಡ್ ತಿರುಗಿಸ್ಕೊಂಡು ಪಕ್ಕದವ್ರ ಹತ್ರ ಹೋದ್ರು. ಇನ್ನೊಂದೇನಂದ್ರೆ ಜೀಪಲ್ಲಿ ಕುಲುಕಾಡ್ಕೊಂಡ್ ಬಂದ ಮೀಟರ್ ಅರ್ಧ ಪಾಯಿಂಟ್ ಹೆಚ್ಚುಕಮ್ಮಿ ತೋರಿಸಿದ್ರೂ ದುಡ್ಡು ಹೋಗೋದು ಬೆಳೆಗಾರಂದೋ ಸಾಹುಕಾರ್ರದ್ದೋ, ಒಯ್ದೋರದ್ದಲ್ಲ. ಆಮೇಲೆ ಮೀಟರ್ ಡಬ್ಬಿಗೇ ದಾರ ಕಟ್ಟಿ ಸಣ್ಣ ಬುಕ್ ತೂಗಾಕಿದ್ವಿ, ಯಾರು ಒಯ್ದ್ರು, ಯಾವತ್ತು, ವಾಪಸ್ ಯಾವಾಗ. ಮೊದಲ ಸಹಿ ಸಾಹುಕಾರ್ರ ಕೈಲೇ ಹಾಕ್ಸಿದ್ವಿ, ಮತ್ತೆ ಬೇರೆಯವ್ರು ಮುಖ ಊದಿಸ್ಕೊಳ್ಳೋಕೆ ಜಾಗನೇ ಇರ್ಲಿಲ್ಲ.

—

ಹಾಸನದಿಂದ. ಸರ್ಕಾರಿ ಆಫೀಸಲ್ಲಿ ಇದಕ್ಕೇ ಡೆಡ್ ಸ್ಟಾಕ್ ರಿಜಿಸ್ಟರ್ ಅಂತ ಇರೋದು, ಟೇಬಲ್, ಕುರ್ಚಿ, ಫ್ಯಾನ್ ತರದ ಸಾಮಾನಿನ ಪಟ್ಟಿ. ಅಷ್ಟಿದ್ರೂ ವರ್ಗ ಆಗಿ ಚಾರ್ಜ್ ಕೊಡೋವಾಗ ಲಿಸ್ಟ್ ಓದ್ತಾ ಹೋದ್ರೆ ಟೇಬಲ್ ಫ್ಯಾನೇ ಇರಲ್ಲ, ಪಕ್ಕದ ಸೆಕ್ಷನ್‌ನೋರು ಒಂದ್ ವಾರಕ್ಕೆ ಅಂತ ಇಸ್ಕೊಂಡಿದ್ದು, ಅವ್ರಿಗೂ ವರ್ಗ ಆಗಿ ಹೋಗಿದೆ, ಈಗಿರೋರು ಅದು ನಮ್ದೇ ಅಂತಾರೆ. ಸಹಿ ಯಾರದ್ದೋ ಅವ್ರೇ ಉತ್ತರ ಕೊಡ್ಬೇಕು. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ. ನಿಮ್ಮಲ್ಲಿ ಸಾಮಾನಿನ ಪಟ್ಟಿಗೆ ಸಹಿ ನಿಮ್ದಾ ಅಂತ ಮೊದ್ಲು ನೋಡ್ಕೊಳಮ್ಮ.

—

ಕೋರ್ಟ್ ಕಡೆ ಕೆಲಸ ನಂದು. ಕಳ್ತನ ಅನ್ನೋ ಮಾತು ಮಾತ್ರ ಬಾಯಿಗೆ ತರ್ಬೇಡಿ. 2024ರ ಜುಲೈ 1ರಿಂದ ಐಪಿಸಿ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಅದ್ರಲ್ಲಿ ಕಳವು 303ನೇ ಕಲಂ, ನೌಕರ ಯಜಮಾನನ ಸ್ವತ್ತು ಕದ್ರೆ 306, 7 ವರ್ಷದ ತನಕ ಶಿಕ್ಷೆ. ಆದ್ರೆ ಅದೇ 303ರಲ್ಲಿ ಒಂದು ಉದಾಹರಣೆ ಕೊಟ್ಟಿದಾರೆ, ಸ್ನೇಹಿತ ಇಲ್ದಾಗ ಅವನ ಪುಸ್ತಕ ಓದಿ ಕೊಡೋಣ ಅಂತ ಒಯ್ದೋನು, ಅವನ ಒಪ್ಪಿಗೆ ಇದ್ದೇ ಇರುತ್ತೆ ಅಂದ್ಕೊಂಡಿದ್ರೆ, ಕಳ್ಳ ಅಲ್ಲ. ನಿಮ್ ಹಿರಿಯರು ಸೋಮವಾರ ತಂದಿಡ್ತಾರೆ ಅಂದ್ರೆ ಹೆಚ್ಚುಕಮ್ಮಿ ಈ ಲೆಕ್ಕಕ್ಕೇ ಬರ್ತಾರೆ. ಒಯ್ಯಬೇಡಿ ಅಂತ ಸಾಹುಕಾರ್ರು ಹೇಳಿದ್ಮೇಲೂ ಒಯ್ದ್ರೆ ಆಗ ಮಾತು ಬೇರೆ.

—

ಪೆನ್ ಬಗ್ಗೆ ಮಾತ್ರ ಕೇಳ್ಬೇಡಿ, ಅದು ಯಾರದ್ದೂ ಅಲ್ಲ.

—

ಸ್ಟೇಪ್ಲರ್ ಮೇಲೆ ಕೆಂಪು ನೇಲ್ ಪಾಲಿಶಲ್ಲಿ ಹೆಸರು ಬರೀರಿ ಅಕ್ಕ, ದೂರಕ್ಕೇ ಕಾಣುತ್ತೆ, ತಗೊಂಡೋರಿಗೆ ಮುಜುಗರ ಆಗಿ ತಾವೇ ತಂದಿಡ್ತಾರೆ. ಚಾರ್ಜರ್ ಬ್ಯಾಗಿಂದ ಆಚೆ ತೆಗೀಬೇಡಿ. ಮತ್ತೆ ಕ್ಯಾಲ್ಕುಲೇಟರ್ ಆಫೀಸ್ ಕೆಲಸಕ್ಕೆ ತಾನೆ, ನೀವ್ಯಾಕೆ ಕೈಯಿಂದ ಹಾಕಿ ತಂದ್ರಿ? ಇನ್ನೆರಡು ತರ್ಸಿ ಅಂತ ಹೇಳಿ, ಅರ್ಧ ಜಗಳ ಸಾಮಾನು ಸಾಲ್ದೇ ಇರೋದ್ರಿಂದ್ಲೇ.

—

ಎಲ್ಲಾ ಸರಿ, ಇನ್ನೊಂದ್ ಕಡೆ ಬಗ್ಗೆ ಯಾರೂ ಮಾತಾಡ್ತಿಲ್ಲ. ಮಗಳ ಸ್ಕೂಲ್ ಪ್ರಾಜೆಕ್ಟ್‌ಗೆ ನಾಲ್ಕು ಕಲರ್ ಪ್ರಿಂಟ್ ತೆಗೆದ್ರೆ ದೊಡ್ಡ ತಪ್ಪು, ಆದ್ರೆ ಆಫೀಸ್ ಬಿಲ್ ಎಲ್ಲಾ ಹೋಗೋದು ನನ್ ಫೋನಿಂದ, ನನ್ ಡೇಟಾದಲ್ಲಿ, ಬ್ಯಾಂಕಿಗೆ ಓಡಾಡೋದು ನನ್ ಸ್ಕೂಟರ್ ಪೆಟ್ರೋಲಲ್ಲಿ, ಮಳೇಲಿ ಕರೆಂಟ್ ಹೋಗಿ ನೆಟ್ ಇಲ್ಲ ಅಂದ್ರೆ ಎಲ್ರಿಗೂ ನನ್ ಹಾಟ್‌ಸ್ಪಾಟು. ಇದನ್ನ ಯಾವ ರಿಜಿಸ್ಟರಲ್ಲಿ ಬರೀತಾರೆ? ನಾನಂತೂ ಕೇಳ್ದೆ ಪ್ರಿಂಟ್ ತೆಗೆಯಲ್ಲ, ಅವ್ರೂ ಕೇಳ್ಲಿ. ಪೆಟ್ರೋಲ್ ಬಿಲ್ ವೋಚರ್‌ಗೆ ಪಿನ್ ಹೊಡೆದು ಇಡ್ತಿದೀನಿ ಈಗ, ಇನ್ನೂ ಒಂದೂ ಪಾಸಾಗಿಲ್ಲ.