ಸಹಾಯ ಬೇಕು: ಹಿತ್ತಿಲ ಗಾಲ್ಫ್ ಹುಲ್ಲುಹಾಸು ನಮ್ಮ ಮಳೆಗೆ ತಡೆದೀತೇ?

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಅಡಿಕೆ ಒಣಗಿಸುತ್ತಿದ್ದ ಹಳೇ ಅಂಗಳದ ಪಕ್ಕ 12 ಅಡಿಗೆ 25 ಅಡಿ ಜಾಗ ಖಾಲಿ ಇದೆ. ಗಲ್ಫ್‌ನಿಂದ ಬಂದ ಭಾವನಿಗೆ ಅಲ್ಲಿ ಕೃತಕ ಹುಲ್ಲು ಹಾಸಿ ಪಟ್ಟಿಂಗ್ ಗ್ರೀನ್ (ಗಾಲ್ಫ್ ಚೆಂಡನ್ನು ಮೆಲ್ಲಗೆ ಉರುಳಿಸಿ ಕುಳಿಗೆ ಹಾಕುವ ನುಣುಪು ಹುಲ್ಲುಹಾಸು) ಮಾಡಿಸುವ ಹುಚ್ಚು. ("ಅದರಲ್ಲಿ ಅಡಿಕೆ ಒಣಗ್ತದಾ?" ಅಂತ ಅಮ್ಮ ಕೇಳಿಯಾಯಿತು.)

ನನ್ನ ಚಿಂತೆ ನೀರಿನದ್ದು. ವರ್ಷಕ್ಕೆ 3000 ಮಿ.ಮೀ. ದಾಟುವ ಮಳೆ. ಅಡಿಯಲ್ಲಿ ಮುರಕಲ್ಲು (ಜಂಬಿಟ್ಟಿಗೆ), ಮೇಲೆ ಒಂದು ಗೇಣು ಕೆಂಪು ಮಣ್ಣು. ಮಣ್ಣು ತೆಗೆದು 4 ಇಂಚು ಜಲ್ಲಿ, ಅದರ ಮೇಲೆ ಜಲ್ಲಿಪುಡಿ ಹಾಕಿ ಗಟ್ಟಿಯಾಗಿ ಬಡಿದು, ತೋಟದ ಕಣಿಯ (ನೀರು ಹರಿದುಹೋಗುವ ಕಾಲುವೆಯ) ಕಡೆಗೆ 100 ಅಡಿಗೆ 2 ಅಡಿ ಲೆಕ್ಕದಲ್ಲಿ ಇಳಿಜಾರು ಕೊಟ್ಟರೆ ಸಾಕೇ? ಅಲ್ಲ, ಅಡಿಯಲ್ಲಿ ತೂತಿನ ಪೈಪೂ ಬೇಕೇ? ಚೆಂಡು ಬೀಳುವ ಕುಳಿ 4.25 ಇಂಚು ಅಗಲ. ಆಟಿಯಲ್ಲಿ (ಜಡಿಮಳೆಯ ತಿಂಗಳು) ನೀರು ನಿಂತು ಅದೇ ಸೊಳ್ಳೆ ಸಾಕುವ ಗುಂಡಿ ಆಗಬಾರದಲ್ಲ!

ಮತ್ತೆ ಹಾವಸೆ. ತೆಂಗಿನ ನೆರಳು ಬೀಳುವ ಬದಿಯಲ್ಲಿ ಖಂಡಿತ ಕಟ್ಟುತ್ತದೆ. ಬಿಸಿಲಿನ ಬದಿಯಲ್ಲಿ ಮಾರ್ಚ್ ಬಂತೆಂದರೆ ಬರಿಗಾಲು ಇಡುವ ಹಾಗಿಲ್ಲ.

ಹುಲ್ಲಿನ ಎಳೆ ನೈಲಾನಿನದ್ದು ಒಳ್ಳೆಯದೋ, ಅಗ್ಗದ ಪಾಲಿಪ್ರೊಪಿಲೀನ್ ಸಾಕೋ? ಮಂಗಳೂರು–ಕಾಸರಗೋಡು ಕಡೆ ಹಾಕಿಸಿ ಎರಡು ಮಳೆಗಾಲ ಕಂಡವರು ಇದ್ದರೆ ದಯವಿಟ್ಟು ಹೇಳಿ, ಫೋಟೋ ಇದ್ದರೆ ಹಾಕಿ. ಭಾವ ಮುಂದಿನ ವಾರ ಜೆಸಿಬಿ ತರಿಸುತ್ತಾನಂತೆ.